ಉಷ್ಣವಲಯದ ಪ್ರವಾಸಕ್ಕೆ ಸೊಳ್ಳೆ ನಿವಾರಕ: ನಮ್ಮ ಮತ 20% ಪಿಕಾರಿಡಿನ್‌ಗೆ

ಉಷ್ಣವಲಯದ ದೇಶಕ್ಕೆ ರಜೆಗೆ ಹೊರಟವರೆಲ್ಲ ಸೊಳ್ಳೆಗೆ ಏನಾದರೊಂದು ಕೊಂಡೇ ಕೊಳ್ಳುತ್ತಾರೆ. ಕೊಳ್ಳುವಾಗ ನೋಡುವುದು ಡಬ್ಬಿಯ ಮುಂಭಾಗದ ಹೆಸರು, ಎಲೆ-ಹೂವಿನ ಚಿತ್ರ. ನೋಡಬೇಕಾದದ್ದು ಹಿಂದಿರುವ ಸಣ್ಣಕ್ಷರ: ಯಾವ ದ್ರವ್ಯ, ಶೇಕಡ ಎಷ್ಟು. ಕಂಪನಿ ಯಾವುದಾದರೂ ಇರಲಿ, ಕೆಲಸ ಮಾಡುವುದು ಇವೆರಡೇ.

ನಮ್ಮ ಮೊದಲ ಆಯ್ಕೆ 20% ಪಿಕಾರಿಡಿನ್. ಕೆಲವು ದೇಶಗಳ ಲೇಬಲ್ಲಿನಲ್ಲಿ ಇದು 'ಇಕಾರಿಡಿನ್' ಎಂದಿರುತ್ತದೆ, ಎರಡೂ ಒಂದೇ. ಒಮ್ಮೆ ಸರಿಯಾಗಿ ಹಚ್ಚಿದರೆ ಎಂಟು ಗಂಟೆಯ ಹತ್ತಿರ ತಡೆಯುತ್ತದೆ. ಅಂಟಂಟಾಗುವುದಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೆಕೆಯಲ್ಲಿ ಇದು ಸಣ್ಣ ವಿಷಯವಲ್ಲ, ಜಿಗುಟು ಅನ್ನಿಸಿದ್ದನ್ನು ಮೂರನೇ ದಿನಕ್ಕೆ ಯಾರೂ ಹಚ್ಚಿಕೊಳ್ಳುವುದಿಲ್ಲ. ಅದೇ ದ್ರವ್ಯದ 10% ಬಾಟಲಿಯೂ ಪಕ್ಕದಲ್ಲೇ ಇರುತ್ತದೆ, ಬೆಲೆ ಕಡಿಮೆಯೆಂದು ತೆಗೆದುಕೊಳ್ಳಬೇಡಿ. ಅದರ ರಕ್ಷಣೆ ಬೇಗ ಮುಗಿಯುತ್ತದೆ.

ನಿವಾರಕ ದ್ರವ್ಯಗಳಲ್ಲಿ ಡೀಟ್ ಹಳೆಯ ಹುಲಿ. 1946ರಲ್ಲಿ ಅಮೆರಿಕದ ಸೇನೆಗಾಗಿ ಸಿದ್ಧವಾದದ್ದು, ಇವತ್ತಿಗೂ ನಂಬಬಹುದು. 10% ಇದ್ದರೆ ಸುಮಾರು ಎರಡು ಗಂಟೆ, 20ರಿಂದ 30% ಇದ್ದರೆ ಐದಾರು ಗಂಟೆ. 50% ದಾಟಿದ ಮೇಲೆ ಅವಧಿ ಹೆಚ್ಚುವುದಿಲ್ಲ, ಹಾಗಾಗಿ 100% ಎಂದು ಬರೆದ ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ. ಇದರ ದೊಡ್ಡ ತೊಂದರೆ ಪ್ಲಾಸ್ಟಿಕ್ಕನ್ನು ಕರಗಿಸುವುದು. ಡೀಟ್ ಹಚ್ಚಿದ ಕೈಯಲ್ಲೇ ತಂಪು ಕನ್ನಡಕ ತೆಗೆದರೆ ಫ್ರೇಮಿನ ಮೇಲೆ ಬೆರಳಚ್ಚು ಕೂತುಬಿಡುತ್ತದೆ, ಮತ್ತೆ ಒರೆಸಿದರೂ ಹೋಗದು. ವಾಚಿನ ಪಟ್ಟಿ, ಉಗುರುಬಣ್ಣ, ರೇಯಾನ್, ಸ್ಪ್ಯಾಂಡೆಕ್ಸ್ ಬಟ್ಟೆ ಎಲ್ಲಕ್ಕೂ ಇದೇ ಗತಿ. ಹತ್ತಿ, ಉಣ್ಣೆ, ನೈಲಾನ್‌ಗೆ ಏನೂ ಆಗುವುದಿಲ್ಲ.

ಗಿಡದಿಂದ ಬಂದದ್ದೇ ಬೇಕೆನ್ನುವವರಿಗೆ 30% 'ಆಯಿಲ್ ಆಫ್ ಲೆಮನ್ ಯೂಕಲಿಪ್ಟಸ್' ಇದೆ, ಸುಮಾರು ಆರು ಗಂಟೆ ಬರುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ. ಇದೇ ಹೆಸರಿನಂತೆ ಕಾಣುವ ಸುಗಂಧ ತೈಲ ಬೇರೆ, ಅದರಲ್ಲಿ ಪಿಎಂಡಿ ಎಂಬ ಮುಖ್ಯ ಅಂಶ ಸಾಕಷ್ಟು ಇರುವುದಿಲ್ಲ. ಕೈಗೆ ಕಟ್ಟುವ ಪಟ್ಟಿಗಳನ್ನಂತೂ ಮುಟ್ಟಲೇಬೇಡಿ. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಹೋಲಿಕೆಯಲ್ಲಿ 23.8% ಡೀಟ್ ಐದು ಗಂಟೆ ತಡೆದಿತ್ತು, ಪಟ್ಟಿಗಳು ಒಂದು ನಿಮಿಷವೂ ತಡೆಯಲಿಲ್ಲ. ಸದ್ದು ಹೊರಡಿಸಿ ಸೊಳ್ಳೆ ಓಡಿಸುತ್ತೇವೆನ್ನುವ ಯಂತ್ರಗಳೂ ದಂಡ.

ಒಳ್ಳೆಯದನ್ನೇ ಕೊಂಡರೂ ಕಚ್ಚಿಸಿಕೊಳ್ಳುವುದು ಏಕೆ? ಬಹುಪಾಲು ಹಚ್ಚದೆ ಬಿಟ್ಟ ಜಾಗದಿಂದ. ನಿವಾರಕ ಕೆಲಸ ಮಾಡುವುದು ಹಚ್ಚಿದ ಚರ್ಮದ ಮೇಲಷ್ಟೇ. ಕಾಲಿನ ಹಿಮ್ಮಡಿಯ ಮೇಲ್ಭಾಗ, ಚಪ್ಪಲಿ ಪಟ್ಟಿಯ ಅಂಚು, ಕಿವಿಯ ಹಿಂದೆ, ಮೊಣಕೈ ಇವನ್ನು ಸೊಳ್ಳೆ ಹುಡುಕಿಯೇ ಹುಡುಕುತ್ತದೆ. ಮೈಗೆ ಎರಡು ಸಲ ಪುಸ್ ಎನ್ನಿಸಿದರೆ ಸಾಲದು, ಕೈಯಿಂದ ಸವರಿ ಹರಡಬೇಕು. ಮುಂಗೈ, ಮೊಣಕಾಲ ಕೆಳಗಿನ ಭಾಗ, ಕುತ್ತಿಗೆ, ಮುಖ ಸೇರಿ ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 5 ಮಿಲಿ ಬೇಕು. ದಿನಕ್ಕೆ ಎರಡು ಸಲವೆಂದರೆ 100 ಮಿಲಿ ಬಾಟಲಿ ಒಬ್ಬರಿಗೆ ಹತ್ತು ದಿನ. ಮುಖಕ್ಕೆ ನೇರ ಸ್ಪ್ರೇ ಮಾಡದೆ ಅಂಗೈಗೆ ಹಾಕಿಕೊಂಡು ಕಣ್ಣು, ಬಾಯಿ ಬಿಟ್ಟು ಸವರಿ. ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹೋಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಯಾವುದನ್ನೂ ಹಚ್ಚದೆ ಪರದೆಯಲ್ಲೇ ಇಡಿ.

ಸನ್‌ಸ್ಕ್ರೀನ್ ಮೊದಲು, ಅದು ಒಣಗಿದ ಮೇಲೆ ನಿವಾರಕ. ಡೀಟ್ ಆದರೆ ಸನ್‌ಸ್ಕ್ರೀನಿನ ಬಲ ಸುಮಾರು ಮೂರರಲ್ಲೊಂದು ಪಾಲು ಕುಗ್ಗುತ್ತದೆ, ಅದಕ್ಕೆ ತಕ್ಕಂತೆ ಎಸ್‌ಪಿಎಫ್ ಹೆಚ್ಚಿರುವುದನ್ನು ಆರಿಸಿ. ಎರಡೂ ಬೆರೆತ ಒಂದೇ ಟ್ಯೂಬ್ ಅನುಕೂಲವೆನಿಸಿದರೂ ಕೆಟ್ಟ ಖರೀದಿ: ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು, ನಿವಾರಕವನ್ನು ಅಷ್ಟು ಸಲ ಹಚ್ಚಬಾರದು. ಈಜಿದರೆ, ತುಂಬಾ ಬೆವರಿದರೆ ಮಾತ್ರ ನಿವಾರಕದ ಅವಧಿ ಮುಗಿಯುವ ಮೊದಲೇ ಮತ್ತೆ ಹಚ್ಚಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಮಲೇರಿಯಾದ ಅನಾಫಿಲಿಸ್ ಸಂಜೆಯಿಂದ ಬೆಳಗಿನವರೆಗೆ. ಸಂಜೆಗಷ್ಟೇ ಹಚ್ಚುವ ಅಭ್ಯಾಸ ಅರ್ಧ ರಕ್ಷಣೆ.

ಬಟ್ಟೆಗೆ 0.5% ಪರ್ಮೆಥ್ರಿನ್ ಎಂಬ ಕೀಟನಾಶಕದ ಸ್ಪ್ರೇ. ಇದು ಮೈಗಲ್ಲ. ಹೊರಡುವ ಎರಡು ದಿನ ಮೊದಲು ಬಯಲಲ್ಲಿ ಅಂಗಿ, ಪ್ಯಾಂಟು, ಕಾಲುಚೀಲವನ್ನು ತೂಗುಹಾಕಿ ಎರಡೂ ಬದಿ ಒದ್ದೆಯಾಗುವಂತೆ ಹೊಡೆದು ಪೂರ್ತಿ ಒಣಗಿಸಿ. ಒಂದು ಬಟ್ಟೆಗೆ ಸುಮಾರು 90 ಮಿಲಿ ಹಿಡಿಯುತ್ತದೆ, ಆರು ಒಗೆತದವರೆಗೆ ಬರುತ್ತದೆ. ಹಸಿಯಿರುವಾಗ ಬೆಕ್ಕಿಗೆ ವಿಷ, ಮೀನಿಗಂತೂ ಮಾರಕ. ಉಳಿದದ್ದನ್ನು ಚರಂಡಿಗೆ ಸುರಿಯಬೇಡಿ.

ಬಹುತೇಕ ವಿಮಾನ ನಿಲ್ದಾಣಗಳಲ್ಲಿ ಕೈಚೀಲಕ್ಕೆ 100 ಮಿಲಿಯ ಮಿತಿ ಇದೆ. ಏರೋಸಾಲ್ ಡಬ್ಬಿಗಿಂತ ಪಂಪ್ ಬಾಟಲಿ ವಾಸಿ. ಮುಚ್ಚಳಕ್ಕೆ ಟೇಪ್ ಸುತ್ತಿ, ಜಿಪ್ ಚೀಲದಲ್ಲಿ ನೆಟ್ಟಗೆ ಇಡಿ. ಸೂಟ್‌ಕೇಸಿನಲ್ಲಿ ಸೋರಿದ ಡೀಟ್ ಏನೇನನ್ನು ಹಾಳುಮಾಡುತ್ತದೆಂದು ಮೇಲೆ ಹೇಳಿದ್ದೇವೆ.

ಕಿಟಕಿಗೆ ಜಾಲರಿ ಇಲ್ಲದ ಕೋಣೆಯಾದರೆ ಸೊಳ್ಳೆ ಪರದೆ ಬೇಕೇ ಬೇಕು, ಔಷಧ ಲೇಪಿಸಿದ್ದಾದರೆ ಒಳ್ಳೆಯದು. ಒಂದೇ ಕೊಕ್ಕೆಗೆ ತೂಗುವ ಗುಂಡು ಪರದೆ ಕಟ್ಟಲು ಸುಲಭ, ಆದರೆ ಬದಿಗಳು ಇಳಿಜಾರಾಗಿ ಪಾದ, ಮೊಣಕೈಗೆ ತಾಗುತ್ತವೆ. ಲೇಪವಿಲ್ಲದ ಪರದೆಯಾದರೆ ತಾಗಿದ ಜಾಗದಲ್ಲಿ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ನಾಲ್ಕು ಮೂಲೆಗೆ ಕಟ್ಟುವ ಚೌಕ ಪರದೆ ತೆಗೆದುಕೊಂಡು, ಜೊತೆಗೆ ಐದು ಮೀಟರ್ ದಾರ, ಕೆಲವು ಸೇಫ್ಟಿ ಪಿನ್ ಇಟ್ಟುಕೊಳ್ಳಿ. ಕತ್ತಲಾಗುವ ಮೊದಲೇ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿ, ಟಾರ್ಚ್ ಹಿಡಿದು ತೂತು ಹುಡುಕಿ. ಸಿಕ್ಕಿದ್ದಕ್ಕೆ ಒಂದು ತುಂಡು ಟೇಪ್ ಸಾಕು.