ತೋಳಿನ ಟೇಪಾ, ತೂಕ-ಎತ್ತರವಾ? ಎರಡನ್ನೂ ಬಳಸಿ ನೋಡಿದ ಮೇಲೆ

ಚಿಕ್ಕ ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ ಹುಡುಕಲು ತೋಳಿನ ಸುತ್ತಳತೆ ನೋಡುವ ಟೇಪ್ ಒಂದೇ ಸಾಕಾ, ತೂಕ-ಎತ್ತರವೂ (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು) ನೋಡಬೇಕಾ? ಈ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನಾನು ಎರಡನ್ನೂ ಬಳಸಿದ್ದೇನೆ, ಎಷ್ಟೋ ಸಲ ಒಂದೇ ಮಗುವಿಗೆ ಒಂದೇ ದಿನ ಎರಡೂ ಮಾಡಿದ್ದೇನೆ. ಎರಡೂ ಒಂದೇ ಉತ್ತರ ಕೊಡುವುದಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಟೇಪ್. 6 ತಿಂಗಳಿಂದ 59 ತಿಂಗಳವರೆಗಿನ ಮಕ್ಕಳಿಗೆ ಇದರ ಲೆಕ್ಕ ಸುಲಭ. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ಸ್ಯಾಮ್ (ಅತಿ ತೀವ್ರ ಅಪೌಷ್ಟಿಕತೆ). 115ರಿಂದ 125ರ ಒಳಗೆ ಹಳದಿ, ಅಂದರೆ ಮ್ಯಾಮ್ (ಮಧ್ಯಮ ಅಪೌಷ್ಟಿಕತೆ). ಅದಕ್ಕಿಂತ ಮೇಲೆ ಹಸಿರು. ಮೊದಲು ಕೆಂಪಿನ ಗಡಿ 110 ಇತ್ತು, 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಅದನ್ನು 115ಕ್ಕೆ ಏರಿಸಿದವು. ಎಡಗೈ ಮೊಣಕೈ ಮಡಚಿ, ಭುಜದ ತುದಿಯ ಮೂಳೆಯಿಂದ ಮೊಣಕೈ ತುದಿವರೆಗಿನ ಮಧ್ಯವನ್ನು ಗುರುತು ಮಾಡಬೇಕು. ಆಮೇಲೆ ಕೈ ಸಡಿಲವಾಗಿ ಇಳಿಬಿಟ್ಟು ಟೇಪ್ ಸುತ್ತಬೇಕು. ಬಿಗಿಯಾದರೆ ಟೇಪಿನ ಅಂಚಿನಲ್ಲಿ ಚರ್ಮ ಉಬ್ಬುತ್ತದೆ, ಸಡಿಲವಾದರೆ ಟೇಪಿನ ಅಡಿಯಲ್ಲಿ ಸಂದು ಕಾಣುತ್ತದೆ. ಇವೆರಡನ್ನು ಕಣ್ಣಿಟ್ಟು ನೋಡಿದರೆ ತಪ್ಪು ಬಹಳ ಕಡಿಮೆ. ಅಮ್ಮನ ತೊಡೆಯ ಮೇಲೆ ಕೂತಿರುವ ಮಗುವಿಗೆ ಒಂದು ನಿಮಿಷವೂ ಬೇಡ.

ತೂಕ-ಎತ್ತರ ಹಾಗಲ್ಲ, ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ತಲೆಯನ್ನು ಉದ್ದ ಅಳೆಯುವ ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ, ಅಂಗಾಲಿಗೆ ಪಟ್ಟಿ ತಂದು ಓದಬೇಕು. ಅಷ್ಟರಲ್ಲಿ ಮಗು ಅತ್ತು ಒದ್ದಾಡುತ್ತಿರುತ್ತದೆ. ವಯಸ್ಸು ಗೊತ್ತಿಲ್ಲದಿದ್ದರೆ 87 ಸೆಂಟಿಮೀಟರಿಗಿಂತ ಚಿಕ್ಕ ಮಗುವನ್ನು ಮಲಗಿಸಿ, ಅದಕ್ಕಿಂತ ದೊಡ್ಡದನ್ನು ನಿಲ್ಲಿಸಿ ಅಳೆಯಬೇಕು. ಒಂದು ಸಲ ನಮ್ಮ ತಂಡದಲ್ಲಿ ಒಬ್ಬ ಹುಡುಗನ ಮಂಡಿ ಸ್ವಲ್ಪ ಮಡಚಿಕೊಂಡಿದ್ದನ್ನು ಯಾರೂ ಗಮನಿಸಲಿಲ್ಲ. ಉದ್ದ ಒಂದೂವರೆ ಸೆಂಟಿಮೀಟರ್ ಕಡಿಮೆ ಬಂತು. ಉದ್ದ ಕಡಿಮೆಯಾದರೆ ಆ ಉದ್ದಕ್ಕೆ ಇರಬೇಕಾದ ತೂಕವೂ ಕಡಿಮೆ, ಹಾಗಾಗಿ ಅವನು ಝಡ್ ಸ್ಕೋರಿನಲ್ಲಿ (ಆ ಉದ್ದಕ್ಕೆ ಇರಬೇಕಾದ ತೂಕದಿಂದ ಮಗು ಎಷ್ಟು ದೂರ ಎಂದು ಕೋಷ್ಟಕ ನೋಡಿ ಹೇಳುವ ಅಂಕ; ಮೈನಸ್ 3ಕ್ಕಿಂತ ಕೆಳಗಿದ್ದರೆ ಸ್ಯಾಮ್) ಮೈನಸ್ 3ರ ಮೇಲೆ ಹೋಗಿ ಸ್ಯಾಮ್ ಪಟ್ಟಿಯಿಂದ ಹೊರಗುಳಿದ. ತೋಳು ನೋಡಿ ಅನುಮಾನ ಬಂದು ಮತ್ತೆ ಅಳೆದೆವು. ಆಗ ಗೊತ್ತಾಯಿತು. ಅಳತೆ ಸರಿಯಾಗಿದ್ದರೂ ಕೋಷ್ಟಕದಲ್ಲಿ ಪಕ್ಕದ ಸಾಲು ಓದಿಬಿಟ್ಟರೆ ಮತ್ತದೇ ಕಥೆ.

ಹಾಗಂತ ಹಲಗೆಯನ್ನು ಮೂಲೆಗೆ ಹಾಕಿ ಎನ್ನಲಾರೆ. ಎತ್ತರವಾಗಿ, ತೆಳ್ಳಗೆ ಬೆಳೆದ ಮೂರು-ನಾಲ್ಕು ವರ್ಷದ ಮಕ್ಕಳು ಟೇಪಿನಲ್ಲಿ ಹಳದಿ, ಕೆಲವೊಮ್ಮೆ ಹಸಿರೂ ಬರುತ್ತಾರೆ. ಅದೇ ಮಕ್ಕಳು ತೂಕ-ಎತ್ತರದಲ್ಲಿ ಸ್ಯಾಮ್. ಇನ್ನೊಂದು ಕಡೆ ಚಿಕ್ಕ ವಯಸ್ಸಿನ, ಕುಳ್ಳಗಿನ ಮಕ್ಕಳು ಟೇಪಿನಲ್ಲಿ ಕೆಂಪು ಬಂದರೂ ತೂಕ-ಎತ್ತರದಲ್ಲಿ ಪಾಸಾಗಿಬಿಡುತ್ತಾರೆ. ನನಗೆ ತುಂಬಾ ನೋವು ಕೊಟ್ಟ ಘಟನೆ ಇಂಥ ಮಗುವಿನದೇ: ಹತ್ತು ತಿಂಗಳ ಹೆಣ್ಣುಮಗು, ತೋಳು 111, ಕಳಿಸಿದ ಕಡೆ ತೂಕ-ಎತ್ತರ ಸರಿ ಇದೆ ಅಂತ ವಾಪಸ್ ಕಳಿಸಿದರು. ಇದು ತಪ್ಪು. ಎರಡರಲ್ಲಿ ಯಾವುದು ಕೆಂಪು ಬಂದರೂ ಚಿಕಿತ್ಸೆಗೆ ಸೇರಿಸಬೇಕು ಎಂಬುದೇ ನಿಯಮ. ಅದೂ ಅಲ್ಲದೆ ಸಾವಿನ ಅಪಾಯ ಇರುವ ಮಕ್ಕಳನ್ನು ಗುರುತಿಸುವುದರಲ್ಲಿ ತೋಳಿನ ಅಳತೆಯೇ ಮುಂದು.

ಎರಡೂ ಕೈಕೊಡುವ ಒಂದು ಸ್ಥಿತಿ ಇದೆ: ಊತ. ಮೈಯಲ್ಲಿ ನೀರು ತುಂಬಿದ ಮಗು ದುಂಡಗೆ ಕಾಣುತ್ತದೆ, ತೂಕವೂ ಜಾಸ್ತಿ ತೋರಿಸುತ್ತದೆ. ಅದಕ್ಕೇ ಮೊದಲು ಎರಡೂ ಪಾದದ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದರೆ, ಬೇರೆ ಕಾಯಿಲೆಯಿಂದ ಬಂದ ಊತ ಅಲ್ಲದಿದ್ದರೆ, ಟೇಪ್ ಏನೇ ಹೇಳಲಿ ಅದು ಸ್ಯಾಮ್. ಸುಮ್ನೆ ಕಣ್ಣಲ್ಲಿ ನೋಡಿ ಬಿಡುವವರ ಕೈತಪ್ಪಿಹೋಗುವುದು ಇಂಥ ಮಕ್ಕಳೇ.

ಮನೆ ಮನೆಗೆ ಹೋಗುವಾಗ ನನ್ನ ಆಯ್ಕೆ ಟೇಪ್ ಮತ್ತು ಹೆಬ್ಬೆರಳು, ಯೋಚನೆಯೇ ಇಲ್ಲ. ಕೇಂದ್ರದಲ್ಲಿ ಇಬ್ಬರಿದ್ದು ಹಲಗೆ, ತಕ್ಕಡಿ ಸರಿ ಇದ್ದರೆ ತೂಕ-ಎತ್ತರವನ್ನೂ ಮಾಡಿ, ಬಿಡಬೇಡಿ. ಅಮ್ಮಂದಿರ ಕೈಗೂ ಒಂದು ಟೇಪ್ ಕೊಡಿ. ನಾವು ತಿಂಗಳಿಗೊಮ್ಮೆ ಬರುತ್ತೇವೆ, ಅವರು ದಿನಾ ಸ್ನಾನ ಮಾಡಿಸುವಾಗ ಆ ತೋಳನ್ನೇ ಹಿಡಿದಿರುತ್ತಾರೆ ಅಲ್ವಾ? ಒಂದೆರಡು ಸಲ ತೋರಿಸಿಕೊಟ್ಟರೆ ಚೆನ್ನಾಗಿಯೇ ಅಳೆಯುತ್ತಾರೆ.

ಇನ್ನೊಂದು, ಪುಸ್ತಕದಲ್ಲಿ ಬರೀ "ಕೆಂಪು" ಅಂತ ಬರೆಯಬೇಡಿ, ಸಂಖ್ಯೆ ಬರೆಯಿರಿ. 114 ಕೂಡ ಕೆಂಪೇ, 102 ಕೂಡ ಕೆಂಪೇ. ಆ 102 ಮುಂದಿನ ಭೇಟಿಯಲ್ಲಿ 106 ಆಯಿತಾ, 100 ಆಯಿತಾ ಎಂಬುದು ಬಣ್ಣದಲ್ಲಿ ಕಾಣುವುದಿಲ್ಲ.