ಸಿಆರ್‌ಟಿಯೋ ಎಲ್‌ಸಿಡಿಯೋ: ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದು

ಹಳೆಯ ಸಿಆರ್‌ಟಿ (ಹಿಂಭಾಗ ಉಬ್ಬಿದ ಗಾಜಿನ ಕೊಳವೆಯ) ಮಾನಿಟರನ್ನು ಬಿಟ್ಟು ತೆಳ್ಳಗಿನ ಚಪ್ಪಟೆ ಎಲ್‌ಸಿಡಿ ಕೊಳ್ಳಬೇಕೇ ಎಂಬುದನ್ನು ಅಂಗಡಿಯಲ್ಲಿ ಐದು ನಿಮಿಷ ನೋಡಿ ತೀರ್ಮಾನಿಸಲು ನನಗೆ ಮನಸ್ಸಾಗಲಿಲ್ಲ. ಆದ್ದರಿಂದ 17 ಇಂಚಿನ ಎರಡೂ ಮಾನಿಟರುಗಳನ್ನು ಒಂದೇ ಮೇಜಿನ ಮೇಲಿಟ್ಟು, ಒಂದೇ ಕಂಪ್ಯೂಟರಿಗೆ ಜೋಡಿಸಿ, ಆರು ವಾರಗಳ ಕಾಲ ನನ್ನ ಕೆಲಸವನ್ನೆಲ್ಲ ಎರಡರ ಮೇಲೂ ಮಾಡಿ ನೋಡಿದೆ. ದಿನದ ಹೆಚ್ಚಿನ ಹೊತ್ತು ನಾನು ಕನ್ನಡ ಕರಡುಗಳನ್ನು ತಿದ್ದುತ್ತೇನೆ. ಬಿಡುವಾದಾಗ ನಾನು ತೆಗೆದ ಚಿತ್ರಗಳ ಬಣ್ಣ ಸರಿಪಡಿಸುತ್ತೇನೆ.

ಕರಡಿನ ಕೆಲಸದಲ್ಲಿ ವ್ಯತ್ಯಾಸ ಮೊದಲ ದಿನವೇ ಕಂಡಿತು. ಕನ್ನಡದಲ್ಲಿ ‘ದ’ಕಾರವನ್ನು ‘ಧ’ಕಾರದಿಂದ ಬೇರೆ ಮಾಡುವುದು ಅಕ್ಷರದ ಅಡಿಯಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಸಿಆರ್‌ಟಿಯಲ್ಲಿ ಎಲೆಕ್ಟ್ರಾನ್ ಕಿರಣ ಮೂಡಿಸುವ ಚುಕ್ಕೆಯ ಅಂಚು ತುಸು ಹರಡಿಕೊಳ್ಳುವುದರಿಂದ, ಚಿಕ್ಕ ಗಾತ್ರದ ಅಕ್ಷರಗಳಲ್ಲಿ ಆ ಸೀಳು ಮುಚ್ಚಿಹೋದಂತಾಗಿ, ಅನುಮಾನ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡಬೇಕಾಗುತ್ತಿತ್ತು. ಎಲ್‌ಸಿಡಿಯಲ್ಲಿ ಪ್ರತಿ ಪಿಕ್ಸೆಲ್ಲಿಗೂ (ಚಿತ್ರ ಮೂಡಿಸುವ ಚುಕ್ಕೆಗೂ) ಅದರದೇ ಜಾಗವಿರುವುದರಿಂದ ಒತ್ತಕ್ಷರಗಳೂ ಕೂತಲ್ಲಿಂದಲೇ ಸ್ಪಷ್ಟವಾಗಿ ಕಂಡವು.

ಆದರೆ ಈ ಸ್ಪಷ್ಟತೆ ಇರುವುದು ಪರದೆಯ ಸ್ವಂತ ರೆಸಲ್ಯೂಶನ್‌ನಲ್ಲಿ, ಅಂದರೆ ಅಡ್ಡಕ್ಕೂ ಉದ್ದಕ್ಕೂ ಇರುವ ಪಿಕ್ಸೆಲ್ಲುಗಳ ಸಂಖ್ಯೆಯಲ್ಲಿ, ನನ್ನದರಲ್ಲಿ 1280×1024ರಲ್ಲಿ, ಮಾತ್ರ. ಅಕ್ಷರ ದೊಡ್ಡದಾಗಲಿ ಎಂದು ಸಿಆರ್‌ಟಿಯಲ್ಲಿ ಮಾಡುತ್ತಿದ್ದಂತೆ 1024×768 ಇಟ್ಟಾಗ, ಒಂದೊಂದು ಚುಕ್ಕೆಯೂ ಅಡ್ಡಲಾಗಿ ಒಂದೂಕಾಲು ಪಿಕ್ಸೆಲ್ಲಿಗೆ ಹಿಗ್ಗಬೇಕಾಗಿ ಬಂದು, ಅಕ್ಷರಗಳೆಲ್ಲ ಮಸುಕಾದವು. ರೆಸಲ್ಯೂಶನ್ ಮುಟ್ಟದೆ ಫಾಂಟಿನ ಗಾತ್ರವನ್ನಷ್ಟೇ ಹೆಚ್ಚಿಸಿದ ಮೇಲೆ ಸರಿಹೋಯಿತು. ಅನಲಾಗ್ ಸಂಕೇತ ತರುವ ವಿಜಿಎ ಕೇಬಲಿನಲ್ಲಿ ಅಕ್ಷರದ ಅಂಚು ಸಣ್ಣಗೆ ನಡುಗುತ್ತಿದ್ದದ್ದೂ ಡಿಜಿಟಲ್ ಸಂಕೇತದ ಡಿವಿಐ ಕೇಬಲ್ ಹಾಕಿದಾಗ ನಿಂತಿತು.

ಕಣ್ಣಿನ ಆಯಾಸದ ವಿಷಯದಲ್ಲಿ ಸಿಆರ್‌ಟಿಗೆ ಅನ್ಯಾಯವಾಗಬಾರದು. ಅದರ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಮೂಡುತ್ತದೆ ಎಂಬುದು) 60 ಹರ್ಟ್ಸ್‌ನಲ್ಲೇ ಉಳಿದಿದ್ದರೆ ಬಿಳಿಯ ಪುಟ ಮಿನುಗುತ್ತದೆ, ಸಂಜೆಯ ಹೊತ್ತಿಗೆ ತಲೆ ಭಾರವಾಗುತ್ತದೆ. 85ಕ್ಕೆ ಏರಿಸಿದಾಗ ನನಗೆ ಆ ತೊಂದರೆ ಬಹುಪಾಲು ಇಳಿಯಿತು. ಎಲ್‌ಸಿಡಿ ಒಂದು ಚಿತ್ರವನ್ನು ಮುಂದಿನದು ಬರುವವರೆಗೂ ಹಾಗೆಯೇ ಹಿಡಿದಿಡುವುದರಿಂದ ಅಲ್ಲಿ 60 ಹರ್ಟ್ಸ್ ಸಾಕು. ಹಾಗೆ ಹಿಡಿದಿಡುವುದರಿಂದಲೇ ಪುಟವನ್ನು ವೇಗವಾಗಿ ಸರಿಸುವಾಗ ಸಾಲುಗಳು ಕಲಸಿಕೊಂಡಂತೆ ಕಾಣುತ್ತವೆ, ಸಿಆರ್‌ಟಿಯಲ್ಲಿ ಹಾಗಾಗುವುದಿಲ್ಲ.

ಚಿತ್ರಗಳಲ್ಲಂತೂ ಹಳೆಯದೇ ಮೇಲು ಎಂದು ಒಪ್ಪಲೇಬೇಕು. ಮುಸ್ಸಂಜೆಯಲ್ಲಿ ತೆಗೆದ ಆಲದ ಮರದ ಒಂದು ಚಿತ್ರವನ್ನು ಎರಡರಲ್ಲೂ ತೆರೆದಿಟ್ಟೆ. ಸಿಆರ್‌ಟಿಯಲ್ಲಿ ಕಿರಣ ಬೀಳದ ಜಾಗ ನಿಜಕ್ಕೂ ಕಪ್ಪಾಗಿತ್ತು, ಬಿಳಲುಗಳ ನಡುವಿನ ನೆರಳು ಪದರ ಪದರವಾಗಿ ಕಾಣುತ್ತಿತ್ತು. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸದಾ ಉರಿಯುತ್ತಿರುವುದರಿಂದ ಆ ಕಪ್ಪು ಬೂದಿಬಣ್ಣಕ್ಕೆ ತಿರುಗಿತು; ನನ್ನದು ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುವ ಟಿಎನ್ ಬಗೆಯ ಪ್ಯಾನೆಲ್ ಆದ್ದರಿಂದ ಕುರ್ಚಿಯಲ್ಲಿ ತುಸು ಕೆಳಗೆ ಜಾರಿ ಕೂತರೂ ನೆರಳಿನ ಛಾಯೆಯೇ ಬದಲಾಯಿತು. ತಲೆ ಅಲ್ಲಾಡಿಸಿದರೆ ಬದಲಾಗುವ ಬಣ್ಣವನ್ನು ನಂಬಿ ಚಿತ್ರ ತಿದ್ದುವುದು ನನ್ನಿಂದಾಗದು.

ಉಳಿದದ್ದರಲ್ಲಿ ಚರ್ಚೆಗೆ ಹೆಚ್ಚೇನೂ ಇಲ್ಲ. ಸಿಆರ್‌ಟಿಯ 17 ಇಂಚಿನಲ್ಲಿ ಸುಮಾರು 16 ಇಂಚು ಮಾತ್ರ ಕಣ್ಣಿಗೆ ಸಿಗುತ್ತದೆ, ಎಲ್‌ಸಿಡಿಯಲ್ಲಿ ಪೂರ್ತಿ ಸಿಗುತ್ತದೆ. ಎಲ್‌ಸಿಡಿಗೆ ವಿದ್ಯುತ್ ಅರ್ಧದಷ್ಟು ಸಾಕು. ಮೇಜಿನ ಮೇಲೆ ಕರಡಿನ ಕಟ್ಟು ಬಿಚ್ಚಿಡಲು ಜಾಗ ಉಳಿಯುತ್ತದೆ.

ದಿನದ ಎಂಟು ಗಂಟೆ ಅಕ್ಷರಗಳ ಜೊತೆಗೇ ಕಳೆಯುವ ನಾನು ಎಲ್‌ಸಿಡಿಯನ್ನು ಕಣ್ಣೆದುರಿಗೆ ತಂದುಕೊಂಡಿದ್ದೇನೆ. ಸಿಆರ್‌ಟಿಯನ್ನು ಪಕ್ಕದ ಗಟ್ಟಿ ಸ್ಟೂಲಿನ ಮೇಲೆ ಉಳಿಸಿಕೊಂಡಿದ್ದೇನೆ. ಚಿತ್ರವನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಅದರಲ್ಲೊಮ್ಮೆ ನೆರಳುಗಳನ್ನು ನೋಡಿಕೊಳ್ಳುತ್ತೇನೆ.