ಬ್ಯಾಡಗಿ, ಖೋಲಾ: ಬಾಲ್ಕನಿ ಮೆಣಸಿಗೆ ಯಾವ ಜೋಡಿ?

ವಾಸ್ಕೋದ ಬಾಲ್ಕನಿಯಲ್ಲಿ ಎರಡು ಮೆಣಸು ಕೂಡಿಸಿ ಹೊಸ ತಳಿ ಮಾಡೋಣ ಅಂತಿದ್ದೀರಾ? ಊರಿಂದ ತಂದ ಬ್ಯಾಡಗಿ ಬೀಜ ಇದ್ದೇ ಇರುತ್ತೆ. ಇಲ್ಲೇ ಗೋವಾದ ಕಾಣಕೋಣದ ಖೋಲಾ ಮೆಣಸೂ ಇದೆ.

ಬ್ಯಾಡಗಿಯ ಗುಣ ಬಣ್ಣ. ಖಾರ ಕಡಿಮೆ, ಒಣಗಿದರೆ ಸುಕ್ಕು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಪಟ್ಟ ಸಿಕ್ಕಿದೆ. ಖೋಲಾಗೆ ಸಿಕ್ಕಿದ್ದು 2019ರಲ್ಲಿ. ಅದು ಮಳೆ ನೀರಿನಲ್ಲೇ ಗುಡ್ಡದ ಇಳಿಜಾರಲ್ಲಿ ಬೆಳೆಯುವ ತಳಿ, ಹಾಗಾಗಿ ಗೋವಾದ ಜೂನ್ ಅದಕ್ಕೆ ಹೊಸದಲ್ಲ. ಯಾವುದು ತಾಯಿ, ಯಾವುದು ತಂದೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಟ್ಟಿಮುಟ್ಟಾದ ಗಿಡವೇ ಕಾಯಿ ಹೊರಲಿ.

ಆದರೆ ಒಂದೇ ತಳಿಯ ಐದು ಕುಂಡದಲ್ಲಿ ಯಾವ ಗಿಡ? ನಾನು ಹೋದ ವರ್ಷ ಕಾಯಿ ಎಣಿಸಿ ಆರಿಸಿದೆ. ಆಮೇಲೆ ನೋಡಿದರೆ ಎಸಿ ಪೈಪಿನ ನೀರು ಸುಮ್ನೆ ಆ ಕುಂಡಕ್ಕೇ ತೊಟ್ಟಿಕ್ಕುತ್ತಿತ್ತು! ಕಾಯಿಯ ಲೆಕ್ಕ ಜಾಗದ ಮೇಲೆ ಹೋಗುತ್ತೆ, ಅಲ್ವಾ? ಕಾಯಿಯ ಆಕಾರ, ಬಣ್ಣ ನೋಡಿ ಆರಿಸಿದರೆ ಹೆಚ್ಚು ನಂಬಬಹುದು.

ಸಂಜೆ, ನಾಳೆ ಅರಳುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೇಸರ ತೆಗೆಯಿರಿ. ಬೆಳಿಗ್ಗೆ ಇನ್ನೊಂದು ತಳಿಯ ಗಿಡದ ಪರಾಗ ಸವರಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಮೊದಲ ತಲೆಮಾರು ಹೆಚ್ಚುಕಮ್ಮಿ ಒಂದೇ ಥರ ಬರುತ್ತೆ. ಅದರ ಬೀಜ ಎಸೆಯಬೇಡಿ. ಬಣ್ಣ, ಖಾರ ಬೇರೆಬೇರೆಯಾಗಿ ಚದುರುವುದು ಎರಡನೆಯದರಲ್ಲಿ.